ವರದಿಯ ಜೊತೆಗೆ ನಿರ್ಧಾರವೂ ಬರುತ್ತದೆಯೇ? ಜೌಗು ನಿರ್ವಹಣಾ ಸೇವೆಯೊಂದರ ವಿಮರ್ಶೆ

ಬೆಂಗಳೂರಿನ ಅಪಾರ್ಟ್‌ಮೆಂಟ್ ಸಂಘಗಳಿಗೂ ಕೆರೆ ಸಮಿತಿಗಳಿಗೂ ಕೆಲವು ವರ್ಷಗಳಿಂದ ಒಂದು ಹೊಸ ಬಗೆಯ ಸೇವೆ ದೊರೆಯುತ್ತಿದೆ. ಎಸ್‌ಟಿಪಿಯಿಂದ (ಕೊಳಚೆ ನೀರನ್ನು ಶುದ್ಧೀಕರಿಸುವ ಘಟಕದಿಂದ) ಹೊರಬರುವ ಸಂಸ್ಕರಿತ ನೀರನ್ನು ಜಲ್ಲಿ ಮತ್ತು ಜಂಬುಹುಲ್ಲಿನ ಪಾತಿಗಳ ಮೂಲಕ ನಿಧಾನವಾಗಿ ಹರಿಸಿ, ಅದರಲ್ಲಿ ಉಳಿದಿರುವ ಪೋಷಕಾಂಶಗಳನ್ನು ತಗ್ಗಿಸಿ, ಕುಂಟೆಗೋ ಕೆರೆಗೋ ಬಿಡುವ ಕೃತಕ ಜೌಗನ್ನು ಕಟ್ಟಿಕೊಟ್ಟು, ಅನಂತರ ವರ್ಷಾವಧಿ ಕರಾರಿನ ಮೇಲೆ ಅದನ್ನು ನೋಡಿಕೊಳ್ಳುವ ಸೇವೆ ಇದು. ಯಲಹಂಕದ ಕಡೆ ಇರುವ ನಮ್ಮ ವಸತಿ ಸಮುಚ್ಚಯದ ಸಂಘ 2022ರ ಮಳೆಗಾಲದ ಬಳಿಕ ಒಂದು ಖಾಸಗಿ ಸಂಸ್ಥೆಯಿಂದ ಈ ಸೇವೆಯನ್ನು ಪಡೆಯತೊಡಗಿತು; ಅದರ ಮೇಲ್ವಿಚಾರಣೆಗೆಂದು ಸಂಘ ನೇಮಿಸಿದ ಉಪಸಮಿತಿಯಲ್ಲಿ ನಾನೂ ಇದ್ದೇನೆ. ಸಂಸ್ಥೆಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಇದೇ ಸೇವೆಯನ್ನು ನಗರದಲ್ಲಿ ಹಲವರು ಬಹುಮಟ್ಟಿಗೆ ಇದೇ ಮಾತುಗಳಲ್ಲಿ ಕೊಡುತ್ತಿರುವುದರಿಂದ, ಯಾರನ್ನು ಕರೆಸಿದರೂ ಏನನ್ನು ಕೇಳಬೇಕು, ಯಾವುದಕ್ಕೆ ಹಣ ಕೊಡಬೇಕು ಎಂಬುದು ಓದುಗರಿಗೆ ಹೆಚ್ಚು ಉಪಯುಕ್ತವೆಂದು ಭಾವಿಸಿದ್ದೇನೆ.

ಸಂಸ್ಥೆ ತನ್ನ ಪ್ರಸ್ತಾವದಲ್ಲಿ ಎಲ್ಲಕ್ಕಿಂತ ಮೇಲೆ ಎತ್ತಿ ಹೇಳಿದ್ದು ‘ಹೊಂದಿಕೊಳ್ಳುವ ನಿರ್ವಹಣೆ’ಯನ್ನು. ಕೆನಡಾದ ಪರಿಸರ ವಿಜ್ಞಾನಿ ಸಿ. ಎಸ್. ಹೋಲಿಂಗ್ ಮತ್ತು ಅವರ ಸಂಗಡಿಗರು 1978ರಲ್ಲಿ ವಿಸ್ತಾರವಾಗಿ ಮುಂದಿಟ್ಟ ವಿಚಾರವಿದು. ಪ್ರಕೃತಿಯೊಡನೆ ಕೈಗೊಳ್ಳುವ ಯಾವ ಯೋಜನೆಯ ಫಲವನ್ನೂ ಮೊದಲೇ ಪೂರ್ತಿಯಾಗಿ ಊಹಿಸಲು ಆಗದು. ಆದ್ದರಿಂದ ಪ್ರತಿ ಕ್ರಮವನ್ನೂ ಒಂದು ಪ್ರಯೋಗದಂತೆ ಕೈಗೊಂಡು, ಅಳೆದು, ಅಳತೆಯಿಂದ ಕಲಿತದ್ದಕ್ಕೆ ತಕ್ಕಂತೆ ಮುಂದಿನ ಕ್ರಮವನ್ನು ತಿದ್ದಿಕೊಳ್ಳಬೇಕು ಎಂಬುದು ಅದರ ತಿರುಳು. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವಾದ ಐಯುಸಿಎನ್ 2020ರ ಜುಲೈನಲ್ಲಿ ನಿಸರ್ಗ ಆಧಾರಿತ ಪರಿಹಾರಗಳಿಗಾಗಿ ಪ್ರಕಟಿಸಿದ ಜಾಗತಿಕ ಮಾನದಂಡದಲ್ಲಿ 8 ಮುಖ್ಯ ನಿಯಮಗಳೂ ಅವುಗಳಡಿ 28 ಸೂಚಕಗಳೂ ಇದ್ದು, ಅದರ ಏಳನೆಯ ನಿಯಮ ಪೂರ್ತಿಯಾಗಿ ಈ ಹೊಂದಿಕೊಳ್ಳುವ ನಿರ್ವಹಣೆಗೇ ಮೀಸಲಾಗಿದೆ. ನಾನು ಈ ಸೇವೆಯನ್ನು ಅಳೆದಿರುವುದು ಬಹುಪಾಲು ಆ ನಿಯಮದ ಮೂರು ಸೂಚಕಗಳ ಮೇಲೆಯೇ: ಯೋಜನೆ ಏನನ್ನು ಸಾಧಿಸಹೊರಟಿದೆ ಎಂಬ ಸ್ಪಷ್ಟ ಕಾರ್ಯತಂತ್ರವಿದೆಯೇ, ಯೋಜನೆಯ ಉದ್ದಕ್ಕೂ ಮಾಪನ ಮತ್ತು ಮೌಲ್ಯಮಾಪನ ನಡೆಯುತ್ತದೆಯೇ, ಕಲಿತದ್ದು ಮತ್ತೆ ಮತ್ತೆ ಕೆಲಸದೊಳಗೆ ಬಂದು ಸೇರುವ ವ್ಯವಸ್ಥೆ ಇದೆಯೇ?

ಇಂಥ ನಿರ್ವಹಣೆ ಈ ನಗರಕ್ಕೆ ಏಕೆ ಬೇಕು ಎಂಬುದನ್ನು ಹಿಂದಿನ ಕೆಲವು ವರ್ಷಗಳ ಮಳೆಯ ಲೆಕ್ಕವೇ ಹೇಳುತ್ತದೆ. ಬೆಂಗಳೂರಿನ ಸರಾಸರಿ ವಾರ್ಷಿಕ ಮಳೆ ಸಾವಿರ ಮಿಲಿಮೀಟರಿಗೆ ಸ್ವಲ್ಪ ಕಡಿಮೆ. 2022ರಲ್ಲಿ ಅದು 1,700 ಮಿಲಿಮೀಟರನ್ನು ದಾಟಿತು. ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆಯ ಆಸುಪಾಸಿನ ಬಡಾವಣೆಗಳು ನೀರಿನಲ್ಲಿ ನಿಂತವು. ಮರುವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸರ್ಕಾರ ಘೋಷಿಸಿತು. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ ಟ್ಯಾಂಕರಿಗಾಗಿ ಕಾಯುವ ಸ್ಥಿತಿ ಬಂತು. ಒಂದೇ ಜೌಗು ಪಾತಿ ಈ ಮೂರೂ ವರ್ಷಗಳನ್ನು ಎದುರಿಸಬೇಕಾದಾಗ, ಮೊದಲ ದಿನ ಬರೆದ ನಕ್ಷೆಗೆ ಅಂಟಿಕೊಂಡವರು ಸೋಲುವುದು ಖಚಿತ.

ಮೊದಲಿಗೆ ಮೆಚ್ಚುಗೆಯ ಮಾತು. ಗಿಡ ನೆಡುವ ಮೊದಲು ಅಳೆಯಬೇಕು ಎಂದು ಸಂಸ್ಥೆ ಪಟ್ಟು ಹಿಡಿಯಿತು. ಸಂಘದಲ್ಲಿ ಹಲವರಿಗೆ ಇದು ಕಾಲಹರಣವಾಗಿ ತೋರಿತು. ನೆಟ್ಟ ಗಿಡ ಕಣ್ಣಿಗೆ ಕಾಣುತ್ತದೆ, ಅಳತೆಯ ಅಂಕಿ ಕಾಣುವುದಿಲ್ಲ. ಆದರೆ ಬೇಸಿಗೆಯಲ್ಲಿ ಕುಂಟೆಯ ನೀರು ಹೇಗಿತ್ತು, ಮಳೆಗಾಲದಲ್ಲಿ ಹೇಗಾಯಿತು ಎಂಬ ಮೂಲ ಅಳತೆ ಇಲ್ಲದಿದ್ದರೆ, ಮುಂದೆ ನೀರು ಸುಧಾರಿಸಿದಾಗ ಅದು ಜಂಬುಹುಲ್ಲಿನಿಂದಲೋ ಒಳ್ಳೆಯ ಮಳೆಯಿಂದಲೋ ಎಂದು ಹೇಳಲು ಯಾರಿಗೂ ಸಾಧ್ಯವಿಲ್ಲ. ಈ ಒಂದು ಹಂತಕ್ಕೆ ಹಣವನ್ನೂ ಸಮಯವನ್ನೂ ಕೇಳದೆ ನೇರವಾಗಿ ಸಸಿಗಳ ಸಂಖ್ಯೆಯಿಂದ ಮಾತು ಆರಂಭಿಸುವ ಸಂಸ್ಥೆಗಳನ್ನು ನಾನು ಶಿಫಾರಸು ಮಾಡುವುದಿಲ್ಲ.

ಎರಡನೆಯದಾಗಿ, ಅವರು ಕೊಟ್ಟ ‘ನಿರ್ಧಾರ ಪಟ್ಟಿ’. ಇಡೀ ಸೇವೆಯಲ್ಲಿ ಅತ್ಯಂತ ಬೆಲೆಯುಳ್ಳ ವಸ್ತು ಯಾವುದೆಂದು ಕೇಳಿದರೆ ನಾನು ತೋರಿಸುವುದು ಈ ಕೆಲವು ಪುಟಗಳನ್ನೇ. ಯಾವ ಅಳತೆ ಎಷ್ಟಕ್ಕೆ ಇಳಿದರೆ ಅಥವಾ ಏರಿದರೆ, ಎಷ್ಟು ಸಮಯದೊಳಗೆ, ಯಾರು, ಏನು ಮಾಡಬೇಕು ಎಂದು ಅದರಲ್ಲಿ ಬರೆದಿರುತ್ತದೆ. ಅಳತೆಗಳಿಗೆ ಆಧಾರವಾಗಿ ಅವರು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ‘ಡಿ’ ವರ್ಗದ, ಅಂದರೆ ವನ್ಯಜೀವಿ ಮತ್ತು ಮೀನುಗಾರಿಕೆಗೆ ಯೋಗ್ಯವಾದ ನೀರಿನ ಮಿತಿಗಳನ್ನು ಇಟ್ಟುಕೊಂಡಿದ್ದಾರೆ: ಕರಗಿದ ಆಮ್ಲಜನಕ ಲೀಟರಿಗೆ 4 ಮಿಲಿಗ್ರಾಂ ಅಥವಾ ಹೆಚ್ಚು, ಮುಕ್ತ ಅಮೋನಿಯಾ 1.2 ಮಿಲಿಗ್ರಾಂ ಅಥವಾ ಕಡಿಮೆ, ಪಿಎಚ್ 6.5ರಿಂದ 8.5ರೊಳಗೆ. ಆಮ್ಲಜನಕ ಮಿತಿಗಿಂತ ಕೆಳಗಿಳಿದರೆ ರಾತ್ರಿ ನೀರಿಗೆ ಗಾಳಿ ಬೆರೆಸುವ ಏರೇಟರ್ ನಡೆಸುವುದು ಮತ್ತು ಎಸ್‌ಟಿಪಿಯಿಂದ ಬರುವ ಹರಿವನ್ನು ತಗ್ಗಿಸುವುದು; ಜಂಬುಹುಲ್ಲು ನೀರಿನ ಮೇಲ್ಮೈಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಹಬ್ಬಿದರೆ ಕೊಯ್ಯುವುದು; ಜನ ಅಂತರಗಂಗೆ ಎಂದು ಕರೆಯುವ ಜಲಕಳೆ ಒಂದು ಗಿಡ ಕಂಡರೂ ಅದೇ ವಾರ ಕಿತ್ತು ಕುಂಟೆಯಿಂದ ದೂರ ಒಯ್ಯುವುದು. ಹೀಗೆ ಬರೆದಿಟ್ಟ ನಿಯಮ ಇರುವುದರಿಂದ ಪ್ರತಿ ಸಲವೂ ಸಭೆ ಕರೆದು ವಾದಿಸಬೇಕಾಗಿಲ್ಲ.

ಇಂಥ ಮುನ್ನಿರ್ಧಾರದ ಮಹತ್ವವನ್ನು ದೊಡ್ಡ ಪ್ರಮಾಣದಲ್ಲಿ ತೋರಿಸಿಕೊಟ್ಟದ್ದು ಅಮೆರಿಕದ ಕೊಲೊರಾಡೊ ನದಿಯ ಗ್ಲೆನ್ ಕ್ಯಾನಿಯನ್ ಅಣೆಕಟ್ಟು. ಅಣೆಕಟ್ಟಿನ ಕೆಳಗೆ ಕೊಚ್ಚಿಹೋಗುತ್ತಿದ್ದ ಮರಳ ದಿಬ್ಬಗಳನ್ನು ಮತ್ತೆ ಕಟ್ಟಲು 1996ರಲ್ಲಿ ಉದ್ದೇಶಪೂರ್ವಕವಾಗಿ ಪ್ರವಾಹವನ್ನು ಬಿಟ್ಟರು. ದಿಬ್ಬಗಳು ಬೆಳೆದವು, ಆದರೆ ಆ ಮರಳಿನ ಬಹುಭಾಗ ಹೊಸದಾಗಿ ಬಂದದ್ದಾಗಿರದೆ, ಈಗಾಗಲೇ ಇದ್ದ ದಿಬ್ಬಗಳಿಂದಲೇ ಎದ್ದು ಬಂದದ್ದೆಂದು ಅಳತೆಗಳಿಂದ ತಿಳಿಯಿತು. ಅಲ್ಲಿಂದ ಕಲಿತು, ಉಪನದಿಯಾದ ಪರಿಯಾ ಸಾಕಷ್ಟು ಮರಳನ್ನು ತಂದು ಸುರಿದ ಬಳಿಕವೇ ಪ್ರವಾಹ ಬಿಡಬೇಕು ಎಂಬ ಕ್ರಮವನ್ನು 2012ರಲ್ಲಿ ಲಿಖಿತ ನಿಯಮವಾಗಿಸಿದರು. ಮೊದಲ ಪ್ರಯೋಗದ ಅಪೂರ್ಣ ಫಲವನ್ನು ಮುಚ್ಚಿಡದೆ ನಿಯಮವಾಗಿ ಪರಿವರ್ತಿಸಿದ್ದೇ ಅಲ್ಲಿಯ ಸಾಧನೆ. ನಮ್ಮ ಕುಂಟೆಗೂ ಆ ನದಿಗೂ ಗಾತ್ರದಲ್ಲಿ ಹೋಲಿಕೆಯೇ ಇಲ್ಲವಾದರೂ, ಸೇವೆಯಿಂದ ನಾನು ನಿರೀಕ್ಷಿಸುವ ನಡವಳಿಕೆ ಅದೇ.

ಆ ನಿರೀಕ್ಷೆಗೆ ಸೇವೆ ಎಲ್ಲಿ ತಕ್ಕದಾಯಿತು, ಎಲ್ಲಿ ಕೊರತೆಯಾಯಿತು ಎಂಬುದಕ್ಕೆ ಆಮ್ಲಜನಕದ ಪ್ರಕರಣವನ್ನೇ ತೆಗೆದುಕೊಳ್ಳುತ್ತೇನೆ. ಆರಂಭದಲ್ಲಿ ಸಂಸ್ಥೆಯ ಸಿಬ್ಬಂದಿ ನೀರಿನ ಮಾದರಿ ತೆಗೆಯಲು ಬರುತ್ತಿದ್ದುದು ಬೆಳಗಿನ ಹನ್ನೊಂದರ ಸುಮಾರಿಗೆ. ಪ್ರತಿ ವರದಿಯಲ್ಲೂ ಆಮ್ಲಜನಕ 6 ಮಿಲಿಗ್ರಾಮಿಗಿಂತ ಹೆಚ್ಚಿತ್ತು. ಹಸಿರು ಬಣ್ಣದ ಗುರುತು ಬೀಳುತ್ತಿತ್ತು. ಹಗಲಿನಲ್ಲಿ ಪಾಚಿ ಮತ್ತು ಜಲಸಸ್ಯಗಳು ಬಿಸಿಲಿನಲ್ಲಿ ಆಮ್ಲಜನಕವನ್ನು ಉತ್ಪಾದಿಸುತ್ತವೆ, ರಾತ್ರಿಯೆಲ್ಲ ಅವೂ ಬ್ಯಾಕ್ಟೀರಿಯಾಗಳೂ ಅದನ್ನು ಬಳಸಿಕೊಳ್ಳುತ್ತವೆ. ಆದ್ದರಿಂದ ನೀರಿನಲ್ಲಿ ಆಮ್ಲಜನಕ ಅತಿ ಕಡಿಮೆ ಇರುವುದು ಸೂರ್ಯೋದಯಕ್ಕೆ ಸ್ವಲ್ಪ ಮುಂಚೆ. ಮೀನುಗಳು ಬೆಳಗಿನ ಜಾವ ಮೇಲ್ಮೈಗೆ ಬಂದು ಬಾಯಿ ತೆರೆಯುವುದನ್ನು ನಮ್ಮ ಎಸ್‌ಟಿಪಿ ನಿರ್ವಾಹಕರು ಮೊದಲೇ ಗಮನಿಸಿ ಹೇಳಿದ್ದರು. ಆದರೆ ವರದಿಯ ನಮೂನೆಯಲ್ಲಿ ಅವರ ಮಾತಿಗೆ ಒಂದು ಕಾಲಮ್ ಕೂಡ ಇರಲಿಲ್ಲ. ಉಪಸಮಿತಿ ಪಟ್ಟು ಹಿಡಿದ ಮೇಲೆ ನಸುಕಿನಲ್ಲಿ ಅಳೆದಾಗ ಆಮ್ಲಜನಕ 3ರ ಆಸುಪಾಸಿನಲ್ಲಿತ್ತು. ತಿಂಗಳುಗಟ್ಟಲೆ ಹಸಿರು ಗುರುತು ಪಡೆದ ಕುಂಟೆ, ಸರಿಯಾದ ಹೊತ್ತಿನಲ್ಲಿ ಅಳೆದಾಗ ಮಿತಿಯ ಕೆಳಗಿತ್ತು.

ಇದರ ಬಳಿಕ ಸಂಸ್ಥೆ ನಡೆದುಕೊಂಡ ರೀತಿಗೆ ಪೂರ್ಣ ಅಂಕ ಕೊಡುತ್ತೇನೆ. ತ್ರೈಮಾಸಿಕ ಸಭೆಯಲ್ಲಿ ಅವರು ಸಮರ್ಥನೆಗೆ ಇಳಿಯಲಿಲ್ಲ. ಮಾಪನದ ಸಮಯವನ್ನು ಬದಲಿಸಿದರು, ಹಳೆಯ ವರದಿಗಳ ಮೇಲೆ ‘ಹಗಲಿನ ಅಳತೆ, ಹೋಲಿಕೆಗೆ ಬಳಸಬಾರದು’ ಎಂದು ಗುರುತು ಹಾಕಿದರು, ಏರೇಟರ್ ನಡೆಯುವ ವೇಳೆಯನ್ನು ಸಂಜೆಯಿಂದ ಮಧ್ಯರಾತ್ರಿಯ ನಂತರಕ್ಕೆ ಸರಿಸಿದರು. ಎಸ್‌ಟಿಪಿ ನಿರ್ವಾಹಕರಿಗೆ ಒಂದು ನೋಟ್‌ಬುಕ್ ಕೊಟ್ಟು, ನೀರಿನ ಬಣ್ಣ, ವಾಸನೆ, ನೊರೆ, ಮೀನಿನ ಚಲನೆಗಳನ್ನು ಕನ್ನಡದಲ್ಲಿ ಬರೆದಿಡುವಂತೆ ಕೇಳಿಕೊಂಡರು. ಈಗ ಆ ನೋಟ್‌ಬುಕ್ಕಿನ ಟಿಪ್ಪಣಿಗಳು ಪ್ರಯೋಗಾಲಯದ ಅಂಕಿಗಳಿಗಿಂತ ಮೊದಲೇ ತೊಂದರೆಯನ್ನು ತೋರಿಸುತ್ತಿವೆ. ಹಿಂದೆ ನಮ್ಮ ಕೆರೆಗಳಲ್ಲಿ ನೀರುಗಂಟಿಗಳು ಮಾಡುತ್ತಿದ್ದುದೂ ಇದನ್ನೇ. ಕೆರೆಯ ಮಟ್ಟವನ್ನು ದಿನವೂ ನೋಡಿ, ತೂಬನ್ನು ಎಷ್ಟು ತೆರೆಯಬೇಕು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಬಿಡಬೇಕು ಎಂದು ಆಯಾ ವರ್ಷದ ನೀರಿಗೆ ತಕ್ಕಂತೆ ಬದಲಿಸುತ್ತಿದ್ದರು. ಆ ಅಧಿಕಾರವನ್ನು ಊರು ಅವರ ಕೈಗೆ ಕೊಟ್ಟಿತ್ತು. ದಿನವೂ ನೀರನ್ನು ನೋಡುವವರಿಗೆ ಮಾತೂ ಇಲ್ಲದ, ಅಧಿಕಾರವೂ ಇಲ್ಲದ ವ್ಯವಸ್ಥೆಗೆ ಎಷ್ಟೇ ಆಧುನಿಕ ಹೆಸರಿಟ್ಟರೂ ಅದು ಹೊಂದಿಕೊಳ್ಳುವ ನಿರ್ವಹಣೆ ಆಗಲಾರದು.

ಜಂಬುಹುಲ್ಲಿನ ವಿಷಯದಲ್ಲಿ ಸಂಸ್ಥೆಯ ಕೆಲಸ ಇನ್ನೂ ಉತ್ತಮವಾಗಿತ್ತು. ಜಂಬು ಬೇಗ ಬೆಳೆದು ನೀರಿನ ಸಾರಜನಕ, ರಂಜಕಗಳನ್ನು ಹೀರುತ್ತದೆ; ಆದರೆ ಕೊಯ್ಯದೆ ಬಿಟ್ಟರೆ ಒಣಗಿ ಕೊಳೆತು, ಹೀರಿದ್ದರಲ್ಲಿ ಬಹಳಷ್ಟನ್ನು ನೀರಿಗೇ ಹಿಂದಿರುಗಿಸುತ್ತದೆ. ಯಾವಾಗ ಕೊಯ್ಯಬೇಕು ಎಂಬುದರಲ್ಲಿ ಅಭಿಪ್ರಾಯ ಭೇದವಿತ್ತು. ಸಂಸ್ಥೆ ವಾದಕ್ಕೆ ಹೋಗದೆ ಎರಡು ಪಾತಿಗಳನ್ನು ಆರಿಸಿ, ಒಂದರಲ್ಲಿ ಮಳೆಗಾಲಕ್ಕೆ ಮುಂಚೆ ಕೊಯ್ದು, ಇನ್ನೊಂದನ್ನು ಹಾಗೆಯೇ ಬಿಟ್ಟು, ಎರಡರಿಂದಲೂ ಹೊರಬರುವ ನೀರನ್ನು ಬೇರೆಬೇರೆಯಾಗಿ ಅಳೆಯಿತು. ಕೊಯ್ದ ಪಾತಿಯಲ್ಲಿ ಹೊಸ ಚಿಗುರು ಬಂದು ಹರಿವು ಸರಾಗವಾಯಿತು, ಅಮೋನಿಯಾವೂ ಕಡಿಮೆ ಬಂತು. ಕೊಯ್ಯದ ಪಾತಿಯಲ್ಲಿ ಜಲ್ಲಿಯ ನಡುವೆ ಕಸ ಕಟ್ಟಿಕೊಂಡು ನೀರು ಮೇಲೆ ನಿಂತಿತು, ಸೊಳ್ಳೆಯ ಮರಿಗಳೂ ಕಂಡವು. ಬಾಯಿಮಾತಿನ ಅಭಿಪ್ರಾಯಗಳ ಜಾಗದಲ್ಲಿ ನಮ್ಮದೇ ನೀರಿನ ಪುರಾವೆ ಬಂತು. ಆದರೂ ಇಡೀ ಕುಂಟೆಯ ಜಂಬುವನ್ನು ಒಮ್ಮೆಲೇ ಕತ್ತರಿಸಲು ಸಂಘದ ಪಕ್ಷಿವೀಕ್ಷಕರು ಒಪ್ಪಲಿಲ್ಲ. ನಾಮದ ಕೋಳಿ, ಗುಳುಮುಳುಕಗಳು ಮಳೆಗಾಲದಲ್ಲಿ ಆ ಹುಲ್ಲಿನ ಆಸರೆಯಲ್ಲೇ ಗೂಡು ಕಟ್ಟುತ್ತವೆ. ಕೊನೆಗೆ ಬೇಸಿಗೆಯ ಮೊದಲ ಭಾಗದಲ್ಲಿ ಮಾತ್ರ ಕೊಯ್ಲು, ಅದೂ ಪಾತಿಗಳನ್ನು ಸರದಿಯ ಮೇಲೆ, ಎಂಬ ನಿಯಮ ಪಟ್ಟಿಗೆ ಸೇರಿತು. ಸೊಳ್ಳೆಗೆ ಪರಿಹಾರವಾಗಿ ಗ್ಯಾಂಬೂಸಿಯಾ ಮೀನು ಬಿಡೋಣವೆಂಬ ಸಲಹೆ ಬಂದಾಗ, ಅದು ಉತ್ತರ ಅಮೆರಿಕ ಮೂಲದ, ಸ್ಥಳೀಯ ಮೀನು ಮತ್ತು ಕಪ್ಪೆಗಳ ಮರಿಗಳನ್ನೂ ತಿನ್ನುವ ಜಾತಿಯೆಂದು ಸಂಸ್ಥೆಯೇ ಬೇಡವೆಂದಿತು. ಈ ನಿಲುವು ನನಗೆ ಬಹಳ ಹಿಡಿಸಿತು. ಒಮ್ಮೆ ಬಿಟ್ಟ ಮೀನನ್ನು ಹಿಂದಕ್ಕೆ ಕರೆಯಲಾಗದು, ತಿದ್ದಿಕೊಳ್ಳಲು ಸಾಧ್ಯವಿಲ್ಲದ ಹೆಜ್ಜೆಯನ್ನು ಪ್ರಯೋಗದ ಹೆಸರಿನಲ್ಲಿ ಇಡಬಾರದು.

ಇನ್ನು ದೂರುಗಳು. 2024ರ ಬೇಸಿಗೆಯಲ್ಲಿ ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೂ ವಾಹನ ತೊಳೆಯಲೂ ಬಳಸಬಾರದೆಂದು ಆದೇಶಿಸಿ, ಮೀರಿದವರಿಗೆ 5,000 ರೂಪಾಯಿ ದಂಡ ವಿಧಿಸಿತು. ಸಹಜವಾಗಿಯೇ ಸಮುಚ್ಚಯದ ಸಂಸ್ಕರಿತ ನೀರೆಲ್ಲ ತೋಟಕ್ಕೆ ಮತ್ತು ಶೌಚಾಲಯಕ್ಕೆ ಹೋಯಿತು. ಜೌಗಿಗೆ ಬರುತ್ತಿದ್ದ ಹರಿವು ಬಹುತೇಕ ನಿಂತು, ಮೇಲಿನ ಪಾತಿ ಬಿರುಕು ಬಿಟ್ಟಿತು. ನಿರ್ಧಾರ ಪಟ್ಟಿಯಲ್ಲಿ ನೀರು ಹೆಚ್ಚಾದರೆ, ಕೊಳೆಯಾದರೆ ಏನು ಮಾಡಬೇಕೆಂದು ವಿವರವಾಗಿ ಇತ್ತು. ನೀರೇ ಬಾರದಿದ್ದರೆ ಏನು ಮಾಡಬೇಕೆಂಬ ಒಂದು ಸಾಲೂ ಇರಲಿಲ್ಲ. ಮಳೆ ತಪ್ಪುವ ಊರಿನಲ್ಲಿ ಕೆಲಸ ಮಾಡುವ ಸಂಸ್ಥೆಯಿಂದ ಈ ಲೋಪವನ್ನು ನಾನು ನಿರೀಕ್ಷಿಸಿರಲಿಲ್ಲ. ಪಾತಿಯ ಬೇರುಗಳು ಬದುಕಲು ದಿನಕ್ಕೆ ಕನಿಷ್ಠ ಇಷ್ಟು ನೀರು ಮೀಸಲು ಎಂಬ ನಿಯಮ ಬಳಿಕ ಸೇರಿದೆ. ಆದರೆ ಸೇರುವ ಹೊತ್ತಿಗೆ ಒಂದು ಪಾತಿಯ ಲಾವಂಚವೂ ಕ್ಯಾನಾ ಗಿಡಗಳೂ ಒಣಗಿದ್ದವು.

ಎರಡನೆಯ ದೂರು ಇದಕ್ಕಿಂತ ಗಂಭೀರ. ಒಂದು ದೀಪಾವಳಿಯ ರಜೆಯಲ್ಲಿ ಎಸ್‌ಟಿಪಿಯ ಗಾಳಿ ಊದುವ ಬ್ಲೋವರ್ ಕೆಟ್ಟು, ಅಮೋನಿಯಾ ಮಿತಿಯನ್ನು ದಾಟಿತು. ಪಟ್ಟಿಯ ಪ್ರಕಾರ ಹರಿವನ್ನು ತಕ್ಷಣ ನಿಲ್ಲಿಸಬೇಕಿತ್ತು. ಎಚ್ಚರಿಕೆಯ ಇಮೇಲ್ ಬಂತು, ವ್ಯವಸ್ಥಾಪಕರಿಗೆ ತಲುಪಿತು, ಆದರೆ ಗೇಟ್ ವಾಲ್ವ್ ಮುಚ್ಚಲು ಯಾರಿಗೆ ಅಧಿಕಾರವಿದೆ ಎಂಬುದು ಯಾರಿಗೂ ಗೊತ್ತಿರಲಿಲ್ಲ. ರಜೆ ಮುಗಿಯುವವರೆಗೆ ನೀರು ಹರಿಯುತ್ತಲೇ ಇತ್ತು, ಸಣ್ಣ ಮೀನುಗಳು ಸತ್ತು ತೇಲಿದವು. ಅಳತೆ ಸರಿಯಿತ್ತು, ನಿಯಮವೂ ಸರಿಯಿತ್ತು, ನಡುವಿನ ಕೈ ಇರಲಿಲ್ಲ. ಈಗ ಪಟ್ಟಿಯ ಪ್ರತಿ ಸಾಲಿನ ಮುಂದೆ ಜವಾಬ್ದಾರರೊಬ್ಬರು, ಅವರಿಲ್ಲದಾಗ ಮತ್ತೊಬ್ಬರು ಎಂದು ನಮೂದಿಸಲಾಗಿದೆ. ಸಣ್ಣ ದುರಸ್ತಿಗೆ ಸಭೆಯ ಅನುಮತಿಯಿಲ್ಲದೆ ಖರ್ಚು ಮಾಡಬಹುದಾದ ಮೊತ್ತವನ್ನೂ ಸಂಘ ಪ್ರತ್ಯೇಕವಾಗಿ ತೆಗೆದಿಟ್ಟಿದೆ. ಇವೆರಡನ್ನು ಕರಾರಿಗೆ ಸಹಿ ಹಾಕುವ ದಿನವೇ ಕೇಳಿ ಬರೆಸಿಕೊಳ್ಳಿರಿ ಎಂಬುದು ಇತರ ಸಂಘಗಳಿಗೆ ನನ್ನ ಒತ್ತಾಯದ ಸಲಹೆ. ದೊಡ್ಡ ಯೋಜನೆಗಳಲ್ಲೂ ಇದೇ ಕೊರತೆ ಕಾಣುತ್ತದೆ. ಬೆಂಗಳೂರಿನ ಸಂಸ್ಕರಿತ ನೀರನ್ನು ಕೋಲಾರದ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರ ಜುಲೈನಲ್ಲಿ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಎದ್ದಾಗ ವಿಷಯ ಹೈಕೋರ್ಟಿನ ಮೆಟ್ಟಿಲೇರಿ ತಡೆಯಾಜ್ಞೆಯವರೆಗೆ ಹೋಯಿತು. ನೊರೆ ಕಂಡರೆ ಯಾರು, ಎಷ್ಟು ಗಂಟೆಯೊಳಗೆ ಪಂಪ್ ನಿಲ್ಲಿಸಬೇಕು ಎಂಬುದು ಜನರಿಗೆಲ್ಲ ತಿಳಿದ ನಿಯಮವಾಗಿರಬೇಕು, ನ್ಯಾಯಾಲಯದವರೆಗೆ ಹೋಗುವ ಅಗತ್ಯ ಬರಬಾರದು ಎಂದೇ ನಾನು ನಂಬುತ್ತೇನೆ.

ಮೂರನೆಯದು ಗುರಿಯನ್ನೇ ಸರಿಸುವ ಪ್ರವೃತ್ತಿ. ಹೊರಹೋಗುವ ನೀರಿನ ಅಮೋನಿಯಾ ಸತತವಾಗಿ ಗುರಿ ತಲುಪದಿದ್ದಾಗ, ಗುರಿಯನ್ನೇ ಸಡಿಲಿಸೋಣ, ಇದೂ ಹೊಂದಿಕೊಳ್ಳುವ ನಿರ್ವಹಣೆಯೇ ಎಂಬ ಪ್ರಸ್ತಾವ ಸಂಸ್ಥೆಯಿಂದ ಬಂತು. ನಾವು ಒಪ್ಪಲಿಲ್ಲ. ದಾರಿಯನ್ನು ಬದಲಿಸುವುದು ಬೇರೆ, ತಲುಪಬೇಕಾದ ಜಾಗವನ್ನು ಬದಲಿಸುವುದು ಬೇರೆ. ಕೆಲವೊಮ್ಮೆ ಗುರಿಯೂ ಅವಾಸ್ತವವಾಗಿರಬಹುದು, ಅದನ್ನು ತಿದ್ದುವ ಹಕ್ಕು ಇರಬೇಕು; ಆದರೆ ಅದು ಸೇವೆ ಕೊಡುವವರ ಹಕ್ಕಾಗಬಾರದು. ನಿವಾಸಿಗಳ ಸಾಮಾನ್ಯ ಸಭೆಯಲ್ಲಿ, ಕಾರಣವನ್ನು ಲಿಖಿತವಾಗಿ ಇಟ್ಟು, ಹಳೆಯ ಗುರಿಯನ್ನು ವರದಿಯಿಂದ ಅಳಿಸದೆ ಪಕ್ಕದಲ್ಲೇ ಉಳಿಸಿಕೊಂಡು ಮಾತ್ರ ಅದನ್ನು ಬದಲಿಸಬಹುದೆಂದು ಕರಾರಿಗೆ ತಿದ್ದುಪಡಿ ಮಾಡಿಸಿದೆವು. ಐಯುಸಿಎನ್ ಮಾನದಂಡದ ಸ್ವಮೌಲ್ಯಮಾಪನದಲ್ಲಿ 8 ನಿಯಮಗಳ ಪೈಕಿ ಯಾವುದೊಂದರಲ್ಲಿ ಶೇಕಡಾ 25ಕ್ಕಿಂತ ಕಡಿಮೆ ಅಂಕ ಬಂದರೂ ಉಳಿದವು ಎಷ್ಟೇ ಚೆನ್ನಾಗಿರಲಿ, ಯೋಜನೆ ಮಾನದಂಡಕ್ಕೆ ಅನುಗುಣವಾಗಿಲ್ಲವೆಂದೇ ಪರಿಗಣಿಸುತ್ತಾರೆ. ಒಂದರ ಸೋಲನ್ನು ಮತ್ತೊಂದರ ಗೆಲುವಿನಿಂದ ಮುಚ್ಚಲು ಬಿಡದ ಈ ಬಿಗಿ ನನಗೆ ಸರಿಯೆನಿಸುತ್ತದೆ.

ಮಾಸಿಕ ವರದಿಗಳು ಇಂಗ್ಲಿಷಿನಲ್ಲಿ ಮಾತ್ರ ಬರುತ್ತಿದ್ದುದೂ ಒಂದು ತೊಡಕಾಗಿತ್ತು. ಈಗ ಒಂದು ಪುಟದ ಕನ್ನಡ ಸಾರಾಂಶ ಬರುತ್ತಿದ್ದು, ತೋಟದ ಕೆಲಸದವರೂ ಎಸ್‌ಟಿಪಿ ನಿರ್ವಾಹಕರೂ ಅದನ್ನು ಓದುತ್ತಾರೆ.

ಹಣದ ವಿಚಾರ. ಶುಲ್ಕದಲ್ಲಿ ಮೂರು ಭಾಗಗಳಿವೆ: ನಿತ್ಯದ ನಿರ್ವಹಣೆ, ಮಾಪನ ಮತ್ತು ಪ್ರಯೋಗಾಲಯದ ವೆಚ್ಚ, ಬದಲಾವಣೆಗೆಂದು ತೆಗೆದಿಟ್ಟ ಮೀಸಲು. ಬೇರೆ ಸಂಸ್ಥೆಗಳ ದರಪಟ್ಟಿಗಳೊಂದಿಗೆ ಹೋಲಿಸಿದಾಗ ನಮ್ಮದು ಅಗ್ಗವಾಗಿರಲಿಲ್ಲ. ಅಗ್ಗದ ದರಪಟ್ಟಿಗಳಲ್ಲಿ ಮೂರನೆಯ ಭಾಗವೇ ಇರಲಿಲ್ಲ. ಮೀಸಲು ಹಣವಿಲ್ಲದೆ ಮಾಪನ ಮಾಡಿಸಿದರೆ ಕೆಟ್ಟ ಸುದ್ದಿ ತಿಂಗಳಿಗೊಮ್ಮೆ ಅಚ್ಚುಕಟ್ಟಾಗಿ ಬಂದು ಸೇರುತ್ತದೆ, ಅದರ ಮೇಲೆ ಏನನ್ನೂ ಮಾಡಲಾಗುವುದಿಲ್ಲ. ಪಾವತಿಯನ್ನು ನೆಟ್ಟ ಸಸಿಗಳ ಸಂಖ್ಯೆಗೆ ಕಟ್ಟಿಹಾಕುವ ಕರಾರುಗಳಿಂದಲೂ ದೂರವಿರಬೇಕು. ಹಾಗೆ ಮಾಡಿದರೆ ಸಂಸ್ಥೆಗೆ ಸಸಿ ನೆಡುವುದರಲ್ಲಿ ಲಾಭ, ಹೆಚ್ಚಾದ ಜಂಬುವನ್ನು ಕೀಳುವುದರಲ್ಲಿ ನಷ್ಟ. ಒಂದು ವರ್ಷದ ಅವಧಿಯೂ ಸಾಲದು. ಒಂದು ಬೇಸಿಗೆ, ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಕಲಿಯುವುದು ಅಲ್ಪ; ಕನಿಷ್ಠ ಮೂರು ವರ್ಷದ ಕರಾರು, ಪ್ರತಿ ವರ್ಷದ ಕೊನೆಯಲ್ಲಿ ಹೊರಬರುವ ಅವಕಾಶದೊಂದಿಗೆ, ಎರಡೂ ಕಡೆಗೆ ನ್ಯಾಯವಾಗಿ ತೋರುತ್ತದೆ.

ಇಂಥ ಸೇವೆ ಪಡೆಯಲು ಯೋಚಿಸುತ್ತಿರುವವರು ಮೊದಲು ಜಕ್ಕೂರು ಕೆರೆಯನ್ನು ಒಮ್ಮೆ ನೋಡಿಕೊಂಡು ಬರುವುದು ಒಳ್ಳೆಯದು. ಸುಮಾರು 160 ಎಕರೆಯ ಆ ಕೆರೆಗೆ ಜಲಮಂಡಳಿಯ ಸಂಸ್ಕರಣಾ ಘಟಕದ ನೀರು ಜೌಗಿನ ಮೂಲಕ ಹಾದು ಸೇರುತ್ತದೆ. ಜಂಬುಹುಲ್ಲು ಮತ್ತು ಕಳೆ ಎಷ್ಟು ಬೇಗ ಹಬ್ಬಬಲ್ಲವು, ಒಳಹರಿವಿನ ಬಳಿಯ ನೀರಿಗೂ ಕೆರೆಯ ನಡುವಿನ ನೀರಿಗೂ ಎಷ್ಟು ವ್ಯತ್ಯಾಸವಿರುತ್ತದೆ ಎಂಬುದನ್ನು ಏರಿಯ ಮೇಲೆ ನಡೆದಾಡುತ್ತಲೇ ಗಮನಿಸಬಹುದು.

ನಮ್ಮ ಸಂಘ ಕರಾರನ್ನು ನವೀಕರಿಸಿದೆ. ನನ್ನ ಮೌಲ್ಯಮಾಪನ ಐದರಲ್ಲಿ ಮೂರೂವರೆ: ಪ್ರಯೋಗಶೀಲತೆ ಮತ್ತು ತಿದ್ದಿಕೊಳ್ಳುವ ಪ್ರಾಮಾಣಿಕತೆಗೆ ಹೆಚ್ಚು, ಬರಗಾಲದ ಸಿದ್ಧತೆ ಮತ್ತು ರಜಾದಿನಗಳ ಹೊಣೆಗಾರಿಕೆಗೆ ಕಡಿಮೆ. ಹೊಸ ಕರಾರಿನಲ್ಲಿ ನಸುಕಿನ ಮಾಪನ, ಕನಿಷ್ಠ ಹರಿವಿನ ಮೀಸಲು, ಎಸ್‌ಟಿಪಿ ನಿರ್ವಾಹಕರಿಗೆ ವಾಲ್ವ್ ಮುಚ್ಚುವ ಅಧಿಕಾರ, ಕನ್ನಡದ ಸಾರಾಂಶ ಇವಿಷ್ಟನ್ನೂ ಷರತ್ತುಗಳಾಗಿ ಸೇರಿಸಲಾಗಿದೆ. ಇವುಗಳಲ್ಲಿ ಯಾವುದು ತಪ್ಪಿದರೂ ಆ ತ್ರೈಮಾಸಿಕದ ಶುಲ್ಕದ ಒಂದು ಭಾಗವನ್ನು ತಡೆಹಿಡಿಯಲು ಸಂಘಕ್ಕೆ ಅವಕಾಶವಿದೆ, ಸಂಸ್ಥೆ ಇದಕ್ಕೆ ತಕರಾರಿಲ್ಲದೆ ಒಪ್ಪಿದೆ.